ಅಂಗಡಿ ಬಾಗಿಲು ಹಾಕಿ ಸರಳೆ ಪಾಠ ಕೊಟ್ಟವರು: ದೊಡ್ಡಮಳೂರಿಗೂ ಅಬ್ಬೂರಿಗೂ ನೆಂಟಾದ ಪುರಂದರದಾಸರು

ಚನ್ನಪಟ್ಟಣ: ಊರು ದಾಟಿ ಮದ್ದೂರು ಕಡೆ ಹೊರಟರೆ ಸ್ವಲ್ಪ ದೂರದಲ್ಲೇ ಹೆದ್ದಾರಿ ಪಕ್ಕ ದೊಡ್ಡಮಳೂರು ಸಿಗುತ್ತದೆ. ಅಪ್ರಮೇಯಸ್ವಾಮಿ ದೇವಸ್ಥಾನದ ಒಳಗೆ ಕೈಯಲ್ಲಿ ಬೆಣ್ಣೆ ಮುದ್ದೆ ಹಿಡಿದು ಅಂಬೆಗಾಲಿಡುವ ಕೃಷ್ಣ ಇದ್ದಾನೆ. ಮಕ್ಕಳಾಗದವರು ಹರಕೆ ಹೊತ್ತು ಕಟ್ಟಿದ ಪುಟ್ಟ ಪುಟ್ಟ ಮರದ ತೊಟ್ಟಿಲುಗಳು ಅಲ್ಲಿ ಕಣ್ಣಿಗೆ ಬೀಳುತ್ತವೆ. ಜಗದೋದ್ಧಾರನ ಅಂತ ಶುರುವಾಗುವ ದೇವರನಾಮ ಹುಟ್ಟಿದ್ದು ಇದೇ ಕೂಸಿನ ಮುಂದೆ ಅನ್ನೋದು ತಾಲ್ಲೂಕಿನ ಮಂದಿಗೆ ತಲೆಮಾರುಗಳಿಂದ ಗೊತ್ತಿರುವ ಮಾತು. ಆ ಹಾಡು ಕಟ್ಟಿದ ಪುರಂದರದಾಸರೇ ಸಂಗೀತ ಕಲಿಯೋರಿಗೆ ಮೊದಲ ದಿನದ ಪಾಠವನ್ನೂ ಹೊಂದಿಸಿಕೊಟ್ಟವರು ಅನ್ನೋದು ಮಾತ್ರ ಅಷ್ಟಾಗಿ ನೆನಪಿಗೆ ಬರಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲೇ ಆಗಲಿ, ಕರ್ನಾಟಕ ಸಂಗೀತದ ಕ್ಲಾಸಿಗೆ ಮಗುವನ್ನು ಸೇರಿಸಿದರೆ ಮೊದಲು ಬಾಯಿಗೆ ಬರೋದು ಸರಳೆ ವರಸೆ. ಐದು ವರ್ಷದ ಮಗುವಾದರೂ ಅದೇ, ರಿಟೈರ್ ಆದ ಮೇಲೆ ಬಂದು ಕೂತ ಮೇಷ್ಟ್ರಾದರೂ ಅದೇ. ಆ ಪಾಠದ ಕ್ರಮ ದಾಸರದ್ದು ಅಂತ ಸಂಗೀತಗಾರರ ಪರಂಪರೆ ಒಪ್ಪಿಕೊಂಡು ಬಂದಿದೆ. ಕರ್ನಾಟಕ ಸಂಗೀತ ಪಿತಾಮಹ ಅನ್ನೋ ಬಿರುದು ಬಂದಿದ್ದೂ ಅದಕ್ಕೇ.

ದಾಸರಾಗುವ ಮುಂಚೆ ಅವರು ಅಂಗಡಿಕಾರರು.

ಚಿನಿವಾರ ಅಂಗಡಿಯ ಶ್ರೀನಿವಾಸ ನಾಯಕ

ಹುಟ್ಟಿದ ವರ್ಷ 1484 ಅಂತ ಸಾಮಾನ್ಯವಾಗಿ ಹೇಳ್ತಾರೆ. ಊರಿನ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಪುಣೆ ಹತ್ತಿರದ ಪುರಂದರಗಡ ಅನ್ನೋರು ಒಂದು ಕಡೆ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸುತ್ತಮುತ್ತಲ ಕ್ಷೇಮಪುರ ಅನ್ನೋರು ಇನ್ನೊಂದು ಕಡೆ. ಅವರು ಹಾಡಿದ ಕನ್ನಡ ನೋಡಿದರೆ ಎರಡನೇ ವಾದಕ್ಕೇ ತೂಕ ಜಾಸ್ತಿ. ತಂದೆ ವರದಪ್ಪ ನಾಯಕ. ಒಡವೆ, ರತ್ನ, ಗಿರವಿ ವ್ಯಾಪಾರದ ಮನೆತನ. ಮಗನಿಗೆ ಇಟ್ಟ ಹೆಸರು ಶ್ರೀನಿವಾಸ. ಶೀನಪ್ಪ, ಶೀನಪ್ಪ ನಾಯಕ ಅಂತ ಕರೆಯೋ ರೂಢಿ. ಹೆಂಡತಿ ಸರಸ್ವತಿಬಾಯಿ.

ಅದು ವಿಜಯನಗರದ ಏರುಗಾಲ. ಬೀದಿಯಲ್ಲಿ ಮುತ್ತು, ಮಾಣಿಕ್ಯ, ವಜ್ರವನ್ನು ಹರಡಿಕೊಂಡು ಮಾರುತ್ತಿದ್ದ ಸಂತೆಯನ್ನು 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬೆರಗಾಗಿ ಬರೆದಿಟ್ಟಿದ್ದಾನೆ. ಅಂಥ ಕಾಲದಲ್ಲಿ ರತ್ನದ ವ್ಯಾಪಾರಿ ಅಂದರೆ ಏನು ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ. ಜನ ನವಕೋಟಿ ನಾರಾಯಣ ಅಂತ ಕರೆದರು. 1964ರಲ್ಲಿ ರಾಜ್‌ಕುಮಾರ್ ದಾಸರ ಪಾತ್ರ ಮಾಡಿದ ಸಿನಿಮಾಕ್ಕೂ ಇದೇ ಹೆಸರು. ದುಡ್ಡಿನ ಜೊತೆಗೆ ಇನ್ನೊಂದು ಹೆಸರೂ ಅಂಟಿಕೊಂಡಿತ್ತು: ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ.

ಮೂಗುತಿ ಕಥೆ ಕೇಳದ ಕನ್ನಡಿಗರು ಕಡಿಮೆ. ಆದರೂ ಅಂಗಡಿ ಇಟ್ಟಿರೋರ ಕಣ್ಣಲ್ಲಿ ಇನ್ನೊಂದು ಸಾರಿ ನೋಡಬಹುದು. ಬಡ ಬ್ರಾಹ್ಮಣನೊಬ್ಬ ಮಗನ ಉಪನಯನಕ್ಕೆ ಸಹಾಯ ಕೇಳಿಕೊಂಡು ಅಂಗಡಿಗೆ ಬರುತ್ತಾನೆ. ನಾಯಕರು ಇಲ್ಲ ಅನ್ನೋದಿಲ್ಲ, ನಾಳೆ ಬಾ ಅನ್ನುತ್ತಾರೆ. ಹಾಗೇ ತಿಂಗಳುಗಟ್ಟಲೆ ಅಲೆಸುತ್ತಾರೆ. ಕೊನೆಗೆ ಸವೆದ, ಚಲಾವಣೆಗೆ ಬಾರದ ನಾಣ್ಯದ ರಾಶಿ ಸುರಿದು ಒಂದನ್ನು ಆರಿಸಿಕೋ ಅಂತಾರಂತೆ. ಆತ ಅಲ್ಲಿಂದ ನೇರ ನಾಯಕರ ಮನೆಗೆ ಹೋಗುತ್ತಾನೆ. ಸರಸ್ವತಿಬಾಯಿ ಹತ್ತಿರ ತನ್ನದು ಅಂತ ಇದ್ದದ್ದು ತವರಿನವರು ಕೊಟ್ಟ ಮೂಗುತಿ ಒಂದೇ. ಅದನ್ನೇ ಬಿಚ್ಚಿ ಕೊಟ್ಟುಬಿಡುತ್ತಾರೆ. ಬ್ರಾಹ್ಮಣ ಅದನ್ನು ಅಡವಿಡಲು ತರೋದು ಮತ್ತೆ ಅದೇ ಅಂಗಡಿಗೆ!

ಒಡವೆ ನೋಡಿದ ತಕ್ಷಣ ಯಾರದು ಅಂತ ಗುರುತು ಹಿಡಿಯೋದು ಚಿನಿವಾರನ ಕಸುಬು. ನಾಯಕರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಹೋಗಿ ಹೆಂಡತಿ ಹತ್ತಿರ ಮೂಗುತಿ ಎಲ್ಲಿ ಅಂತ ಕೇಳುತ್ತಾರೆ. ಹೆದರಿದ ಆಕೆ ವಿಷ ಕುಡಿಯಲು ಹೊರಟಾಗ ಬಟ್ಟಲಲ್ಲಿ ಟಣ್ ಅಂತ ಮೂಗುತಿ ಬೀಳುತ್ತದೆ. ಅದನ್ನು ಹಿಡಿದುಕೊಂಡು ನಾಯಕರು ಅಂಗಡಿಗೆ ಓಡುತ್ತಾರೆ. ಪೆಟ್ಟಿಗೆ ಬೀಗ ಹಾಕಿದಂತೇ ಇದೆ, ಒಳಗೆ ಮೂಗುತಿ ಇಲ್ಲ.

ಪವಾಡವನ್ನು ನಂಬೋರು ನಂಬಲಿ, ಬಿಡೋರು ಬಿಡಲಿ. ಕಥೆಯ ನಿಜವಾದ ಭಾರ ಇರೋದು ಅದರ ಮುಂದಿನ ಭಾಗದಲ್ಲಿ. ನಾಯಕರು ಇದ್ದದ್ದೆಲ್ಲ ದಾನ ಮಾಡಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಉಟ್ಟ ಬಟ್ಟೆಯಲ್ಲಿ ಹೊರಟರು. ದಾರಿಯಲ್ಲಿ ಕಾಡು ಬಂದಾಗ ಸರಸ್ವತಿಬಾಯಿಗೆ ಭಯ ಆಯಿತಂತೆ. ಏನೂ ಇಲ್ಲದವರಿಗೆ ಕಳ್ಳರ ಭಯ ಯಾಕೆ ಅಂತ ಕೇಳಿದಾಗ ಗುಟ್ಟು ಹೊರಬಿತ್ತು. ಗಂಡನಿಗೆ ನೀರು ಕುಡಿಯಲು ಇರಲಿ ಅಂತ ಒಂದು ಚಿನ್ನದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದರು. ಅದನ್ನೂ ಕಾಡಿಗೆ ಎಸೆದ ಮೇಲೆ ಭಯ ಹೋಯಿತು. ವ್ಯಾಪಾರದಲ್ಲಿ ಬೆಳೆದ ಮನುಷ್ಯ ನಡುವಯಸ್ಸಿನಲ್ಲಿ ಹೀಗೆ ಬರಿಗೈ ಆಗೋದು ಅವನೊಬ್ಬನ ವಿಷಯವಾಗಿದ್ದರೆ ಬೇರೆ ಮಾತು. ಇಲ್ಲಿ ಮರುದಿನದ ಅನ್ನಕ್ಕೆ ಇಡೀ ಸಂಸಾರ ಭಿಕ್ಷೆಯ ಕಡೆ ನೋಡಬೇಕಾಯಿತು. ಸರಸ್ವತಿಬಾಯಿ ಅದನ್ನು ಹೊತ್ತರು ಅನ್ನೋದು ದಾಸರ ಕಥೆ ಹೇಳುವಾಗ ಬೇಗ ದಾಟಿಹೋಗುವ ಜಾಗ.

ದಾಸರು ಮಾತ್ರ ದಾಟಿಲ್ಲ. ತಂಬೂರಿ ದಂಡಿಗೆ ಹಿಡಿಯೋಕೆ ತನಗೆ ನಾಚಿಕೆ ಆಗ್ತಿತ್ತು, ಹಿಡಿಸಿದ್ದು ಹೆಂಡತಿ ಅಂತ ಒಂದು ಪದದಲ್ಲಿ ಅವರೇ ಒಪ್ಪಿಕೊಂಡು ಆಕೆಯನ್ನು ಹರಸಿದ್ದಾರೆ.

ಗುರು ಸಿಕ್ಕ ದಾರಿ ಅಬ್ಬೂರಿನಿಂದ ಶುರು

ಇಲ್ಲಿ ಚನ್ನಪಟ್ಟಣ ತಾಲ್ಲೂಕಿನ ಪಾಲು ದೊಡ್ಡದು. ಕಣ್ವ ನದಿ ದಡದ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಬೃಂದಾವನ ಇದೆ. ಆ ಬ್ರಹ್ಮಣ್ಯತೀರ್ಥರ ಶಿಷ್ಯರೇ ಬನ್ನೂರಿನಲ್ಲಿ ಹುಟ್ಟಿದ ವ್ಯಾಸರಾಯರು. ಅಬ್ಬೂರಿನಲ್ಲೇ ಹುಟ್ಟಿದವರು ಅಂತ ಹೇಳಲಾಗುವ ಇನ್ನೊಬ್ಬರು ಶ್ರೀಪಾದರಾಯರು, ಬ್ರಹ್ಮಣ್ಯತೀರ್ಥರಿಗೆ ಹತ್ತಿರದ ಸಂಬಂಧಿ. ಮುಂದೆ ಅವರು ಮುಳಬಾಗಿಲಿನಲ್ಲಿ ನೆಲೆಸಿದರು, ವ್ಯಾಸರಾಯರು ಅವರ ಹತ್ತಿರ ಹೋಗಿ ವರ್ಷಗಟ್ಟಲೆ ಓದಿದರು. ಸಂಸ್ಕೃತವೇ ಮೇಲು ಅಂತಿದ್ದ ಮಠದೊಳಗೆ ಕನ್ನಡದ ಹಾಡಿಗೆ ಜಾಗ ಮಾಡಿಕೊಟ್ಟ ಮೊದಲಿಗರಲ್ಲಿ ಶ್ರೀಪಾದರಾಯರೂ ಒಬ್ಬರು. ವ್ಯಾಸರಾಯರು ಆ ದಾರಿಯನ್ನೇ ಹಂಪಿಗೆ ತಂದರು.

ಆಗ ವ್ಯಾಸರಾಯರು ವಿಜಯನಗರದ ಅರಸರಿಂದ ಗೌರವ ಪಡೆಯುತ್ತಿದ್ದ ದೊಡ್ಡ ವಿದ್ವಾಂಸರು. ಅಂಗಡಿ ಬಿಟ್ಟು ಬಂದ ನಾಯಕರನ್ನು ಶಿಷ್ಯನಾಗಿ ತೆಗೆದುಕೊಂಡು ಪುರಂದರ ವಿಠಲ ಅನ್ನೋ ಅಂಕಿತ ಕೊಟ್ಟರು. ಅದು 1525ರಲ್ಲಿ ನಡೆಯಿತು ಅನ್ನೋದು ಸಂಪ್ರದಾಯದ ಲೆಕ್ಕ. ಅಂದರೆ ಆಗ ಅವರಿಗೆ ನಲವತ್ತು ದಾಟಿತ್ತು. ಈ ವಯಸ್ಸಿಗೆ ಇನ್ನೇನು ಕಲಿಯೋದು ಅಂತ ಹಾರ್ಮೋನಿಯಂ ಮುಂದೆ ಕೂರಲು ಹಿಂಜರಿಯೋರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಹುಡುಗನಾಗಿದ್ದಾಗಲೇ ಅವರಿಗೆ ಸಂಸ್ಕೃತ, ಕನ್ನಡ, ಸಂಗೀತದ ಪಾಠ ಆಗಿತ್ತು ಅಂತಾರೆ, ನಿಜ. ಆದರೆ ಇವತ್ತು ನಮ್ಮ ಕೈಲಿರುವ ಪದಗಳು ದಾಸರಾದ ಮೇಲಿನವು.

ಆಮೇಲಿನ ಸುಮಾರು ನಲವತ್ತು ವರ್ಷ ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಚಿಟಿಕೆ. ಬೆಳಿಗ್ಗೆ ಬೀದಿಯಲ್ಲಿ ಹಾಡುತ್ತಾ ಹೋಗೋದು, ಆ ದಿನಕ್ಕೆ ಸಾಕಾಗುವಷ್ಟು ಅಕ್ಕಿಬೇಳೆ ಸಿಕ್ಕರೆ ಸಾಕು, ನಾಳೆಗೆ ಅಂತ ಕೂಡಿಡೋ ಹಾಗಿಲ್ಲ. ಇದಕ್ಕೆ ಮಧುಕರ ವೃತ್ತಿ ಅಂತ ಹೆಸರು. ಸಂಜೆ ಹೊತ್ತಿಗೆ ಡಬ್ಬ ಖಾಲಿ ಇರಬೇಕು ಅನ್ನೋ ಈ ನಿಯಮವನ್ನು, ಹಿಂದೆ ದಿನದ ಕೊನೆಗೆ ಗಲ್ಲಾ ಎಣಿಸುತ್ತಿದ್ದ ಮನುಷ್ಯ ತಾನೇ ಹಾಕಿಕೊಂಡಿದ್ದು.

ಅಂಗಡಿ ಬಿಟ್ಟರೂ ಅಂಗಡಿ ಮಾತು ಅವರನ್ನು ಬಿಡಲಿಲ್ಲ. ಕಲ್ಲುಸಕ್ಕರೆ ಮಾರೋ ಹಾಗೆ ಕೃಷ್ಣನ ಹೆಸರನ್ನು ಮಾರುವ ಪದ ಒಂದಿದೆ. ಸಾಗಾಟ, ಸುಂಕ, ಲಾಭ, ನಷ್ಟ ಎಲ್ಲ ಅನುಭವಿಸಿದವನೇ ಅದನ್ನು ಕಟ್ಟಬಲ್ಲ. ರಾಗಿ ಭಿಕ್ಷೆ ಕೇಳುವ ಇನ್ನೊಂದು ಪದದಲ್ಲಿ ಧಾನ್ಯದ ಹೆಸರನ್ನೇ ಮಾತಿನ ಬಾಲ ಮಾಡಿ, ಒಳ್ಳೆಯವರಾಗಿ ಬದುಕಿ ಅನ್ನೋ ಅರ್ಥ ಬರೋ ಹಾಗೆ ತಿರುಗಿಸಿದ್ದಾರೆ. ರಾಗಿ ಮುದ್ದೆ ಉಣ್ಣೋ ನಮ್ಮ ಕಡೆಯವರಿಗೆ ಇದರ ತಮಾಷೆ ವಿವರಿಸಬೇಕಾಗಿಲ್ಲ. ಮಡಿ, ಆಡಂಬರ, ಜಾತಿಯ ಹಮ್ಮು, ದುಡ್ಡಿನ ಸೊಕ್ಕು ಯಾವುದನ್ನೂ ಅವರು ಸುಮ್ಮನೆ ಬಿಟ್ಟಿಲ್ಲ. 4,75,000 ಪದ ಹಾಡಿದರು ಅಂತ ಪ್ರತೀತಿ. ಈಗ ಸಿಗೋದು ಸಾವಿರದ ಆಸುಪಾಸು.

ಮೊದಲ ಪಾಠದ ಲೆಕ್ಕಾಚಾರ

ಪದಗಳಿಗಷ್ಟೇ ನಿಂತಿದ್ದರೆ ಅವರು ದೊಡ್ಡ ಹರಿದಾಸರಲ್ಲಿ ಒಬ್ಬರಾಗಿ ಉಳೀತಿದ್ದರು. ಗುರುಗಳು ಹಾಡಿದ್ದನ್ನು ಕೇಳಿ ಕೇಳಿ ಹಿಡಿಯೋದು ಹಳೆಯ ಕ್ರಮ. ಮನೆತನದಲ್ಲಿ ಸಂಗೀತ ಇದ್ದವನ ಕಿವಿಗೆ ಅದು ತಾನಾಗೇ ಹತ್ತುತ್ತದೆ. ಹೊಸಬನಿಗೆ ಏನು ಗತಿ? ಒಂದು, ಎರಡು, ಮೂರು ಅಂತ ಮೆಟ್ಟಿಲು ಬೇಕು. ದಾಸರ ಹೆಸರಿನಲ್ಲಿ ನಿಂತಿರೋದು ಆ ಮೆಟ್ಟಿಲು.

ಮೊದಲನೆಯದು ರಾಗದ ಆಯ್ಕೆ. ಸರಳೆ ವರಸೆ ಹೇಳಿಕೊಡೋದು ಮಾಯಾಮಾಳವಗೌಳದಲ್ಲಿ. ಇದು ಯಾಕೆ ಅನ್ನೋದು ಹಾರ್ಮೋನಿಯಂ ಮುಂದೆ ಕೂತರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಸ ಇಂದ ರಿ ಪಕ್ಕದ ಮನೆ. ರಿ ಇಂದ ಗ ಮೂರು ಮನೆ ದೂರ. ಗ ಇಂದ ಮ ಮತ್ತೆ ಪಕ್ಕದ ಮನೆ. ಈಗ ಮೇಲಿನ ಅರ್ಧ ನೋಡಿ: ಪ ಇಂದ ದ ಪಕ್ಕದ ಮನೆ, ದ ಇಂದ ನಿ ಮೂರು ಮನೆ, ನಿ ಇಂದ ಮೇಲಿನ ಸ ಪಕ್ಕದ ಮನೆ. ಕೆಳಗಿನ ನಾಲ್ಕು ಸ್ವರದ ಅಂತರ ಏನಿದೆಯೋ ಮೇಲಿನ ನಾಲ್ಕಕ್ಕೂ ಅದೇ. ಅರ್ಧ ಕಲಿತರೆ ಉಳಿದರ್ಧಕ್ಕೆ ಅಚ್ಚು ಸಿಕ್ಕ ಹಾಗೆ. ಜೊತೆಗೆ, ತೀರಾ ಹತ್ತಿರದ ಎರಡು ಸ್ವರವನ್ನು ಬೇರೆಬೇರೆ ಮಾಡಿ ಹಾಡೋದೂ, ದೂರದ ಸ್ವರಕ್ಕೆ ಜಾರದೆ ಹಾರೋದೂ ಒಂದೇ ಪಾಠದಲ್ಲಿ ಬಂದುಬಿಡುತ್ತದೆ.

ಎರಡನೆಯದು ಹೆಜ್ಜೆಯ ಕ್ರಮ. ಮೊದಲ ಸರಳೆಯಲ್ಲಿ ಏಳು ಸ್ವರ ಹತ್ತಿ ಮೇಲಿನ ಸ ಮುಟ್ಟಿ ಇಳಿಯೋದು, ಅಷ್ಟೇ. ಮುಂದಿನದರಲ್ಲಿ ಎರಡು ಸ್ವರ ಹೇಳಿ ಮತ್ತೆ ಹಿಂದಕ್ಕೆ ಬಂದು ಹತ್ತಬೇಕು, ಆಮೇಲೆ ಮೂರು ಸ್ವರ. ಆದಿತಾಳದ ಎಂಟು ಎಣಿಕೆಗೆ ಕೈ ತಪ್ಪಬಾರದು. ಒಂದೇ ಪಾಠವನ್ನು ಮೂರು ಕಾಲದಲ್ಲಿ ಹಾಡಬೇಕು: ಒಂದು ಎಣಿಕೆಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಕೈಯ ವೇಗ ಅದೇ, ಬಾಯಿಯ ವೇಗ ಮಾತ್ರ ದುಪ್ಪಟ್ಟು. ಜಂಟಿ ವರಸೆಯಲ್ಲಿ ಪ್ರತಿ ಸ್ವರ ಜೋಡಿಯಾಗಿ ಬರುತ್ತದೆ, ಎರಡನೆಯದಕ್ಕೆ ಒತ್ತು ಕೊಡಬೇಕು. ಗಂಟಲಿಗೆ ಇದೇ ಗರಡಿ. ವೀಣೆಯವರಿಗೆ ಬೆರಳಿಗೆ, ಕೊಳಲಿನವರಿಗೆ ಉಸಿರಿಗೆ.

ಬಳಿಕ ಬರೋದು ಸಪ್ತ ತಾಳದ ಅಲಂಕಾರ. ಧ್ರುವಕ್ಕೆ 14 ಎಣಿಕೆ, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4. ಮಗ್ಗಿ ಬಾಯಿಪಾಠ ಮಾಡಿಸುವ ಹಾಗೆ ತಾಳವನ್ನೂ ಬೆರಳಿನ ಮೇಲೆ ಕೂರಿಸೋ ಪಾಠ ಇದು. ಮಠ್ಯಕ್ಕೂ ಝಂಪೆಗೂ ಎಣಿಕೆ ಹತ್ತೇ ಇದ್ದರೂ ಒಳಗಿನ ಪಾಲು ಬೇರೆ ಅನ್ನೋದು ಇಲ್ಲೇ ತಲೆಗೆ ಹತ್ತೋದು.

ಇಷ್ಟಾದ ಮೇಲೆ ಮಾತಿರುವ ಹಾಡು. ಪಿಳ್ಳಾರಿ ಗೀತೆಗಳು ಅಂತ ಕರೆಯೋ ಇವು ಮಲಹರಿ ರಾಗದಲ್ಲಿವೆ. ಮೊದಲನೆಯದು ಗಣಪತಿಯ ಮೇಲೆ, ಕೆರೆಯ ನೀರಿನ ಗೀತೆಯೂ ಇದೇ ಗುಂಪಿನದು. ಮಲಹರಿಯನ್ನು ಆರಿಸಿದ್ದರಲ್ಲೂ ಒಂದು ಜಾಣತನ ಇದೆ. ಅದರ ಸ್ವರಗಳೆಲ್ಲ ಮಗು ಆಗಲೇ ಕಲಿತಿರುವ ಮಾಯಾಮಾಳವಗೌಳದವೇ. ನಿ ಇಲ್ಲವೇ ಇಲ್ಲ. ಗ ಹತ್ತುವಾಗ ಬರಲ್ಲ, ಇಳಿಯುವಾಗ ಬರುತ್ತದೆ. ಹೊಸ ಸ್ವರ ಒಂದೂ ಕಲಿಯದೆ, ಇರೋದರಲ್ಲೇ ಬಿಟ್ಟು ಹಿಡಿದು ರಾಗ ಹೇಗೆ ಆಗುತ್ತದೆ ಅನ್ನೋದು ಮಗುವಿಗೆ ಗೊತ್ತಾಗುತ್ತದೆ. ಹಳೇ ಸಾಮಾನಿನಲ್ಲೇ ಹೊಸ ಮನೆ ಕಟ್ಟಿದ ಹಾಗೆ. ಮೂರು ತಿಂಗಳಾದರೂ ಬರೀ ಸರಿಗಮ ಅಂತ ಗೊಣಗುವ ಅಪ್ಪ ಅಮ್ಮಂದಿರು ಈ ಗೀತೆ ಬರುವ ತನಕ ತಾಳ್ಮೆ ಇಟ್ಟುಕೊಳ್ಳೋದು ಲೇಸು. ಮೆಟ್ಟಿಲು ಹಾರಿಸಿ ಸೀದಾ ಸಿನಿಮಾ ಹಾಡಿಗೆ ಹೋದ ಮಕ್ಕಳು ಶ್ರುತಿ ತಾಳ ಎರಡನ್ನೂ ತಿದ್ದಿಕೊಳ್ಳೋಕೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

72 ಮೇಳಕರ್ತದ ಪಟ್ಟಿ ವೆಂಕಟಮಖಿಯಿಂದ ಬಂದಿದ್ದು ಹದಿನೇಳನೇ ಶತಮಾನದಲ್ಲಿ, ದಾಸರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಅದರಲ್ಲಿ ಮಾಯಾಮಾಳವಗೌಳಕ್ಕೆ 15ನೇ ನಂಬರು. ಶಾಸ್ತ್ರದವರು ಹದಿನೈದನೆಯದು ಅಂದರೂ ಪಾಠದಲ್ಲಿ ಅದು ಮೊದಲನೆಯದಾಗೇ ಉಳಿಯಿತು.

ದೊಡ್ಡಮಳೂರಿನ ಬಾಗಿಲು

ದಾಸರು ಊರೂರು ತಿರುಗಿದವರು. ತಿರುಪತಿ, ಉಡುಪಿ, ಶ್ರೀರಂಗ, ಪಂಢರಪುರ ಹೀಗೆ ಅವರ ಪದಗಳಲ್ಲೇ ಕ್ಷೇತ್ರಗಳ ಹೆಸರು ಸಿಗುತ್ತವೆ. ಗುರುವಿನ ಗುರು ಇದ್ದ ಅಬ್ಬೂರಿನ ಪಕ್ಕದಲ್ಲೇ ಇರುವ ದೊಡ್ಡಮಳೂರಿಗೆ ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ. ಚೋಳರ ಕಾಲದ ಹಳೆಯ ದೇವಸ್ಥಾನ ಅದು, ಆಗಲೇ ಹೆಸರುವಾಸಿ.

ಊರಿನವರು ಹೇಳೋ ಕಥೆ ಹೀಗಿದೆ. ದಾಸರು ಬರುವ ಹೊತ್ತಿಗೆ ಹೊತ್ತು ಮೀರಿ ಗುಡಿ ಬಾಗಿಲು ಹಾಕಿತ್ತು. ಒಳಗೆ ಬಿಡಲಿಲ್ಲ. ಹೊರಗೇ ಕೂತು ಹಾಡಿದರು. ಬಾಗಿಲು ತಾನಾಗೇ ತೆರೆಯಿತು, ಅಂಬೆಗಾಲಿನ ಕೂಸು ಹಾಡು ಬಂದ ಕಡೆಗೆ ಕತ್ತು ತಿರುಗಿಸಿ ನೋಡಿತು. ವಿಗ್ರಹದ ಮುಖ ಕೊಂಚ ವಾರೆಯಾಗಿರೋದಕ್ಕೆ ಇದೇ ಕಾರಣ ಅಂತ ಭಕ್ತರು ತೋರಿಸ್ತಾರೆ. ಹಾಡಿನೊಳಗೂ ದೇವರು ದೊಡ್ಡವನಾಗಿ ಕಾಣೋದಿಲ್ಲ, ಯಶೋದೆ ಆಡಿಸುವ ಮಗುವಾಗೇ ಇರುತ್ತಾನೆ. ಲೋಕವನ್ನೇ ಕಾಯೋನನ್ನು ತಾಯಿ ತನ್ನ ಕೂಸು ಅಂದುಕೊಂಡು ಆಡಿಸೋದೇ ಅದರ ಸೊಗಸು.

ಈಗ ಎಲ್ಲರ ಬಾಯಲ್ಲಿರುವ ಕಾಪಿ ರಾಗದ ಮಟ್ಟು ನಂತರದ ಕಾಲದ್ದು. ಗ್ರಾಮಫೋನ್ ಕಾಲದಲ್ಲಿ ಬಿ.ಎಸ್. ರಾಜಯ್ಯಂಗಾರ್ ಅವರ ತಟ್ಟೆ ಈ ಹಾಡನ್ನು ಮನೆಮನೆಗೆ ತಲುಪಿಸಿತು, ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿ ದೇಶಕ್ಕೆಲ್ಲ ಗೊತ್ತಾಯಿತು. ದಾಸರ ಪದಗಳು ಬಾಯಿಂದ ಬಾಯಿಗೆ ಬಂದವು, ಸ್ವರ ಹಾಕಿ ಬರೆದಿಟ್ಟವರಿರಲಿಲ್ಲ. ಹಾಗಾಗಿ ಮಾತು ಉಳಿದು ಮೂಲ ಮಟ್ಟು ಬಹುಮಟ್ಟಿಗೆ ಕಳೆದುಹೋಯಿತು. ಹೇಳಿಕೊಟ್ಟ ಪಾಠ ಮಾತ್ರ ಕಳೆಯಲಿಲ್ಲ. ದಿನಾ ಹೇಳಿಸುವ ಮಗ್ಗಿ ಯಾರಿಗೆ ತಾನೇ ಮರೆಯುತ್ತದೆ?

ಹಂಪಿಯ ಮಂಟಪ, ಚನ್ನಪಟ್ಟಣದ ತಂತಿ

ವ್ಯಾಸರಾಯರು 1539ರಲ್ಲಿ ತೀರಿಕೊಂಡರು. ಬೃಂದಾವನ ಆನೆಗೊಂದಿಯ ನವವೃಂದಾವನದಲ್ಲಿದೆ. ದಾಸರೆಂದರೆ ಈ ಶಿಷ್ಯನೇ ಅಂತ ಗುರುವೇ ಪದ ಕಟ್ಟಿ ಹೊಗಳಿದ್ದು ಹರಿದಾಸರಲ್ಲಿ ದೊಡ್ಡ ಮಾತು. ಅದಾಗಿ ಇಪ್ಪತ್ತೈದು ವರ್ಷ ದಾಸರು ಹಾಡುತ್ತಲೇ ಇದ್ದರು. 1564ರ ಜನವರಿಯಲ್ಲಿ, ಪುಷ್ಯ ಬಹುಳ ಅಮಾವಾಸ್ಯೆಯಂದು ಹಂಪಿಯಲ್ಲಿ ಕಣ್ಣು ಮುಚ್ಚಿದರು. ಮರುವರ್ಷ ಜನವರಿಯಲ್ಲೇ ತಾಳಿಕೋಟೆ ಕದನ ನಡೆದು ಆ ರತ್ನದ ಬೀದಿಗಳೆಲ್ಲ ಹಾಳಾದವು. ವಿಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯ ದಡದಲ್ಲಿ ಪುರಂದರ ಮಂಟಪ ಈಗಲೂ ಇದೆ, ಹೊಳೆ ತುಂಬಿದರೆ ಮುಳುಗುತ್ತದೆ.

ಊರು ಹಾಳಾದರೂ ಪಾಠ ದಕ್ಷಿಣಕ್ಕೆ ನಡೆಯಿತು. ತಂಜಾವೂರಿನ ಕಡೆ ಹುಟ್ಟಿದ ತ್ಯಾಗರಾಜರು (1767–1847) ತಮ್ಮ ಪ್ರಹ್ಲಾದ ಭಕ್ತಿ ವಿಜಯದಲ್ಲಿ ಪುರಂದರದಾಸರಿಗೆ ನಮಸ್ಕಾರ ಸಲ್ಲಿಸಿದ್ದಾರೆ. ತೆಲುಗಿನವರು, ತಮಿಳಿನವರು, ಮಲಯಾಳದವರು ಯಾರೇ ಆಗಲಿ, ಅರ್ಥ ಗೊತ್ತಿರಲಿ ಬಿಡಲಿ, ಮೊದಲ ಗೀತೆಗಳನ್ನು ಹಾಡೋದು ದಾಸರದ್ದನ್ನೇ. 400ನೇ ಪುಣ್ಯತಿಥಿಯ ವರ್ಷ 1964ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ತಂದಿತು.

ಚನ್ನಪಟ್ಟಣಕ್ಕೆ ಸಂಗೀತದ ಇನ್ನೊಂದು ನಂಟೂ ಇದೆ, ಇದು ಬೊಂಬೆಯ ಹೆಸರಿನಡಿ ಮರೆತುಹೋದದ್ದು. 1800ರಲ್ಲಿ ಈ ದಾರಿಯಲ್ಲಿ ಬಂದ ಬುಕಾನನ್, ಇಲ್ಲಿನವರು ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆದಿದ್ದಾನೆ. ಮೈಸೂರು ಗೆಜೆಟಿಯರ್‌ನಲ್ಲೂ ಅರಗಿನ ಬೊಂಬೆ, ಗಾಜಿನ ಬಳೆಯ ಜೊತೆಗೆ ಈ ತಂತಿಯ ಹೆಸರು ಬರುತ್ತದೆ. ದಕ್ಷಿಣದ ಉದ್ದಗಲಕ್ಕೂ ಅದಕ್ಕೆ ಬೇಡಿಕೆ ಇತ್ತು. ಬೊಂಬೆ ಉಳಿಯಿತು, ಜಿಐ ಗುರುತೂ ಸಿಕ್ಕಿತು. ತಂತಿ ಎಳೆಯೋರ ಕಸುಬು ನಿಂತುಹೋಯಿತು. ಈಗ ವೀಣೆ ತಂತಿ ಕಿತ್ತುಹೋದರೆ ಚನ್ನಪಟ್ಟಣದವರೂ ಬೆಂಗಳೂರಿನ ಅಂಗಡಿಗೇ ಹೋಗಬೇಕು.

ಪುಷ್ಯ ಅಮಾವಾಸ್ಯೆ ಬಂದಾಗ ರಾಜ್ಯದ ಊರೂರಲ್ಲಿ ದಾಸರ ಆರಾಧನೆ ನಡೆಯುತ್ತದೆ. ಮೊದಲು ನಗರ ಸಂಕೀರ್ತನೆ, ಆಮೇಲೆ ಗೋಷ್ಠಿ ಗಾಯನ. ಪಂಚೆ ಉಟ್ಟ ವಿದ್ವಾಂಸರ ಪಕ್ಕದಲ್ಲೇ ಮೊನ್ನೆ ತಾನೇ ಮಲಹರಿ ಮುಗಿಸಿದ ಮಕ್ಕಳೂ, ಮಕ್ಕಳನ್ನು ಕ್ಲಾಸಿಗೆ ಬಿಡಲು ಬಂದು ತಾವೂ ಕಲಿಯಲು ಕೂತ ತಾಯಂದಿರೂ ಇರುತ್ತಾರೆ. ಗೋಷ್ಠಿಯಲ್ಲಿ ಶ್ರುತಿ ಒಂದೇ, ತಾಳ ಒಂದೇ.